ಮಕ್ಕಳಿಗೆ ಯಾವ ಶಾಲೆ?

ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಬೇಕೋ ಖಾಸಗಿ ಶಾಲೆಗೋ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ಇಂಗ್ಲಿಷಿನ ಆಸೆಯಿಂದ ಸಾಲ ಮಾಡಿಯಾದರೂ ಖಾಸಗಿ ಶಾಲೆಗೆ ಕಳುಹಿಸುವ ತಾಯಿತಂದೆಗಳನ್ನು ನಾನು ದೂಷಿಸಲಾರೆ. ಆದರೆ ಒಂದು ಸಂಗತಿ ವಿಚಾರಯೋಗ್ಯವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ನಿಯಮವಿಲ್ಲ. ಅಲ್ಲಿ ಶುಲ್ಕ ತೆತ್ತವನಿಗೆ ರಸೀದಿ ದೊರೆಯುತ್ತದೆ. ಇಲ್ಲಿ ಅನುದಾನದ ಲೆಕ್ಕ ಕೇಳುವ ಅಧಿಕಾರವೇ ದೊರೆಯುತ್ತದೆ. ಕೇಳಬಲ್ಲವರೆಲ್ಲರೂ ಹೊರಟುಹೋದರೆ ಉಳಿದ ಬಡಮಕ್ಕಳ ಪರವಾಗಿ ಕೇಳುವವರಾರು? ನೆರೆಹೊರೆಯ ಮಕ್ಕಳೆಲ್ಲರೂ ಭೇದವಿಲ್ಲದೆ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತ್ತು. ಆದುದರಿಂದ ಹತ್ತಿರದ ಸರ್ಕಾರಿ ಶಾಲೆಯನ್ನು ಕಣ್ಣಾರೆ ನೋಡದೆ, ಅಲ್ಲಿನ ಉಪಾಧ್ಯಾಯರೊಡನೆ ಮಾತನಾಡದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.