ಮಕ್ಕಳ ಕಾನೂನಿನ ಕೆಲವು ಮಾತುಗಳು

ಮಕ್ಕಳ ರಕ್ಷಣೆಗಾಗಿ ನಮ್ಮ ದೇಶದಲ್ಲಿ ಹಲವು ಕಾಯಿದೆಗಳಿವೆ. ಅವುಗಳ ಮೂಲ ಪಾಠ ಇಂಗ್ಲಿಷಿನಲ್ಲಿದೆ. ಪಣಕಹಳ್ಳಿ, ತಾಳವಾಡಿ ಸುತ್ತಿನ ನಾವು ಮನೆಯಲ್ಲಿ ಆಡುವುದು ಕನ್ನಡ, ಈ ಶಾಲೆಯಲ್ಲಿ ಓದುವುದು ಕನ್ನಡ. ಆದರೆ ಪೋಲೀಸ್ ಠಾಣೆಯಲ್ಲೂ ಈರೋಡಿನ ಜಿಲ್ಲಾ ಕಚೇರಿಗಳಲ್ಲೂ ನಡೆಯುವ ಬರವಣಿಗೆ ತಮಿಳು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ನಮ್ಮ ಬೆಟ್ಟದ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಹೀಗಾಗಿ ಕಾನೂನಿನ ಒಂದು ಮಾತು ನಮ್ಮ ಮನೆ ಬಾಗಿಲಿಗೆ ಬರಬೇಕಾದರೆ ಎರಡು ಭಾಷೆಗಳನ್ನು ದಾಟಿ ಬರಬೇಕಾಗಿದೆ. ದಾರಿಯಲ್ಲಿ ಅದರ ಅರ್ಥ ಎಷ್ಟೋ ಸಲ ಕೆಟ್ಟುಹೋಗುತ್ತದೆ. ಆದ್ದರಿಂದ ಅಂತಹ ಕೆಲವು ಮಾತುಗಳನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಕನ್ನಡದಲ್ಲೇ ತಿಳಿದಿರುವುದು ಒಳ್ಳೆಯದು.

ಮೊದಲನೆಯದು 'ಮಗು' ಎಂಬ ಮಾತು. ನಮ್ಮ ಆಡುಮಾತಿನಲ್ಲಿ ಮಗು ಎಂದರೆ ತೊಟ್ಟಿಲಲ್ಲಿರುವುದು. ಮೀಸೆ ಚಿಗುರಿದ ಹತ್ತನೆಯ ತರಗತಿಯ ಹುಡುಗನನ್ನು ಮಗು ಎಂದರೆ ಅವನಿಗೆ ಸಿಟ್ಟು ಬಂದೀತು. ಆದರೆ 2015ರ ಬಾಲ ನ್ಯಾಯ ಕಾಯಿದೆಯಲ್ಲೂ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆಯಲ್ಲೂ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಬಾಲಕಾರ್ಮಿಕರ ಕಾಯಿದೆಯಲ್ಲಿ ಲೆಕ್ಕ ಬೇರೆ: 14 ತುಂಬದವರು ಮಕ್ಕಳು, 14ರಿಂದ 18ರವರೆಗಿನವರು ಹದಿಹರೆಯದವರು. ಇವರನ್ನು ಗಣಿ, ಸ್ಫೋಟಕ ಮೊದಲಾದ ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರ ಹೊಲದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸುವುದನ್ನು ಕಾಯಿದೆ ತಡೆಯುವುದಿಲ್ಲ. ಶಾಲೆ ಬಿಡಿಸಿ ಕೂಲಿಗೆ ಕಳುಹಿಸುವುದು ಬೇರೆ ಮಾತು. ಮದುವೆಯ ಕಾಯಿದೆಯಲ್ಲಂತೂ 21 ತುಂಬದ ಗಂಡು, 18 ತುಂಬದ ಹೆಣ್ಣು ಇಬ್ಬರೂ ಮಕ್ಕಳು. ಹತ್ತೊಂಬತ್ತರ ಹುಡುಗ ಮತ ಹಾಕಬಹುದು, ಹಸೆಮಣೆ ಏರುವಂತಿಲ್ಲ!

ಇನ್ನು 'ಬಾಲಾಪರಾಧಿ' ಎಂಬ ಮಾತು. ಹಳೆಯ ಪುಸ್ತಕಗಳಲ್ಲಿ ಇದು ಧಾರಾಳವಾಗಿ ಸಿಕ್ಕುತ್ತದೆ. ಮಕ್ಕಳಿಗೆಂದೇ ಪ್ರತ್ಯೇಕ ಕಾಯಿದೆಯನ್ನು ನಮ್ಮ ದೇಶದಲ್ಲಿ ಮೊದಲು ಮಾಡಿದ್ದು ಮದರಾಸು ಪ್ರಾಂತ. ಅದು 1920ರ ಮಾತು. ಮುಂದೆ 1986ರಲ್ಲಿ ಕೇಂದ್ರದ ಬಾಲ ನ್ಯಾಯ ಕಾಯಿದೆ ಬಂದಾಗಲೂ 'ಅಪರಾಧಿ ಬಾಲಕ' ಎಂಬರ್ಥದ ಮಾತೇ ಇತ್ತು. ಅದರಲ್ಲಿ ಹುಡುಗರಿಗೆ ರಕ್ಷಣೆ 16ಕ್ಕೇ ಮುಗಿಯುತ್ತಿತ್ತು, ಹುಡುಗಿಯರಿಗೆ 18ರವರೆಗೆ ಇತ್ತು. 2000ದ ಕಾಯಿದೆ ಇಬ್ಬರಿಗೂ 18 ಎಂದು ಮಾಡಿ, ಆ ಹಳೆಯ ಮಾತನ್ನೂ ತೆಗೆದುಹಾಕಿತು. ಈಗಿನ ಮಾತು 'ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಗು'. ಉದ್ದವಾಯಿತು ಎಂದು ಕೆಲವರು ನಗುತ್ತಾರೆ. ಆದರೆ ಆ ಉದ್ದಕ್ಕೆ ಕಾರಣವಿದೆ. ಮಕ್ಕಳ ವಿಷಯದಲ್ಲಿ ಕಳಂಕ ಹಚ್ಚುವ ಮಾತುಗಳನ್ನು ಬಳಸಬಾರದೆಂಬುದನ್ನು 2015ರ ಕಾಯಿದೆ ತನ್ನ ಮೂಲತತ್ವಗಳಲ್ಲೊಂದನ್ನಾಗಿ ಬರೆದುಕೊಂಡಿದೆ. ಒಮ್ಮೆ 'ಕಳ್ಳ' ಎನಿಸಿಕೊಂಡ ಹುಡುಗನನ್ನು ಊರು ಬಹುಕಾಲ ಹಾಗೆಯೇ ಕರೆಯುತ್ತದೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಅಂತಹ ಮಗುವಿನ ಹೆಸರು, ಶಾಲೆ, ಚಿತ್ರಗಳನ್ನು ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಸಂಘರ್ಷಕ್ಕೆ ಒಳಗಾದ ಮಗು ಹೋಗುವುದು 'ಬಾಲ ನ್ಯಾಯ ಮಂಡಳಿ'ಯ ಮುಂದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಏನೂ ತಪ್ಪು ಮಾಡದೆ ಕಷ್ಟಕ್ಕೆ ಸಿಕ್ಕ ಮಗು, ಅಂದರೆ 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು', ಹೋಗುವುದು ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ 'ಮಕ್ಕಳ ಕಲ್ಯಾಣ ಸಮಿತಿ'ಯ ಮುಂದೆ. ಎರಡೂ ಬೇರೆ ಬೇರೆ. ನಮ್ಮ ಕಡೆ ಗೊಂದಲವಾಗುವುದು ಇಲ್ಲಿಯೇ. ತಮಿಳಿನಲ್ಲಿ ಮೊದಲನೆಯದು 'ಇಳೈಞರ್ ನೀತಿ ಕುಳುಮಂ', ಎರಡನೆಯದು 'ಕುಳಂದೈಗಳ್ ನಲ ಕುಳು'. ಕುಳುಮಂ, ಕುಳು ಎರಡೂ ಕಿವಿಗೆ ಒಂದೇ. ಅದರ ಮೇಲೆ 'ನೀತಿ' ಎಂಬ ಮಾತು. ಕನ್ನಡಿಗರಾದ ನಮಗೆ ನೀತಿ ಎಂದರೆ ನೀತಿಪಾಠ, ಸನ್ನಡತೆ. ತಮಿಳಿನಲ್ಲಿ ನೀತಿ ಎಂದರೆ ನ್ಯಾಯ. ಮಗುವಿಗೆ ನಡತೆ ಕಲಿಸಲು ಕರೆದಿದ್ದಾರೆಂದು ತಾಯಿಯೊಬ್ಬಳು ತಿಳಿದುಕೊಂಡರೆ ಅದು ಅವಳ ತಪ್ಪಲ್ಲ. 'ನಲ' ಎಂಬ ಮಾತು ಸುಲಭ, ನಮ್ಮ 'ನಲ್ಮೆ'ಯ ನೆಂಟ. ಅಲ್ಲಿ ಅದಕ್ಕೆ ಕ್ಷೇಮ ಎಂದರ್ಥ. ನಮ್ಮ ಮಗುವನ್ನು ಕರೆದುಕೊಂಡು ಹೋಗಿರುವುದು ಕುಳುಮಂಗೋ ಕುಳುಗೋ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ಈಗ ನಮ್ಮ ಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿಯಬೇಕಾದ ಮಾತಿಗೆ ಬರೋಣ: 'ಅಸಿಂಧು'. ಚುನಾವಣೆಯಲ್ಲಿ ಅಸಿಂಧು ಮತ ಎಂದರೆ ಲೆಕ್ಕಕ್ಕೇ ಬಾರದ ಮತ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ದೇಶಕ್ಕೆಲ್ಲ ಒಂದೇ. ಬಾಲ್ಯವಿವಾಹ ಮಾಡಿಸುವುದು ಎರಡೂ ರಾಜ್ಯಗಳಲ್ಲಿ ಅಪರಾಧ. ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಆದರೆ ಮದುವೆ ನಡೆದೇ ಹೋದರೆ ಅದರ ಗತಿಯೇನು? ಕೇಂದ್ರದ ಕಾಯಿದೆಯಂತೆ, ಆದ್ದರಿಂದ ತಮಿಳುನಾಡಿನಲ್ಲಿ, ಅದು ಸಾಮಾನ್ಯವಾಗಿ 'ಅಸಿಂಧುಗೊಳಿಸಬಹುದಾದ' ಮದುವೆ. ಅಂದರೆ ತಾನಾಗಿ ಬಿದ್ದುಹೋಗುವುದಿಲ್ಲ. ನ್ಯಾಯಾಲಯಕ್ಕೆ ಅರ್ಜಿ ಹಾಕಿ ರದ್ದು ಮಾಡಿಸಿಕೊಳ್ಳಬೇಕು. ಮದುವೆಯನ್ನು ಬೇಡವೆನ್ನುವ ಹಕ್ಕು ಮದುವೆಯ ವೇಳೆಯಲ್ಲಿ ಮಗುವಾಗಿದ್ದವರದ್ದೇ, ಊರ ಯಜಮಾನರದ್ದಲ್ಲ. ಪ್ರಾಪ್ತ ವಯಸ್ಸಾದ ಮೇಲೆ ಎರಡು ವರ್ಷ ತುಂಬುವುದರೊಳಗೆ, ಎಂದರೆ ಹುಡುಗಿಯಾದರೆ 20 ತುಂಬುವ ಮುನ್ನ, ಅರ್ಜಿ ಹಾಕಬೇಕು. ಕರ್ನಾಟಕ ಹೀಗೆ ಬಿಡಲಿಲ್ಲ. ಅಲ್ಲಿಯ ವಿಧಾನಮಂಡಲ ಮಾಡಿದ ತಿದ್ದುಪಡಿಗೆ 2017ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ತಿದ್ದುಪಡಿ ಜಾರಿಗೆ ಬಂದ ಮೇಲೆ ಅಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಈ ತಿದ್ದುಪಡಿಯನ್ನು ಮೆಚ್ಚಿ, ಇತರ ರಾಜ್ಯಗಳೂ ಹೀಗೆಯೇ ಮಾಡುವುದು ಒಳಿತೆಂದಿತು.

ನಮ್ಮವರ ನೆಂಟಸ್ತನವೆಲ್ಲ ಚಾಮರಾಜನಗರದ ಕಡೆಗೇ. ಇಲ್ಲಿ ತೊಡಕಾದರೆ ಗಡಿ ದಾಟಿ ಅಲ್ಲಿಯ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡೋಣ ಎಂದು ಯಾರಾದರೂ ಯೋಚಿಸಿದರೆ, ಆ ಕಡೆಯ ಕಾನೂನು ಇನ್ನೂ ಬಿಗಿ ಎಂಬುದನ್ನು ಅವರು ಅರಿತಿರಬೇಕು. ಹಾಗೆಂದು ಈ ಕಡೆ ಸಡಿಲವೆಂದೂ ಅಲ್ಲ. ಬಲವಂತದಿಂದಲೋ ಮೋಸದಿಂದಲೋ ಕರೆದೊಯ್ದು, ಇಲ್ಲವೆ ಮಾರಿ ಮಾಡಿದ ಮದುವೆ ತಮಿಳುನಾಡಿನಲ್ಲೂ ಅಸಿಂಧುವೇ. ಇನ್ನೊಂದು ಮಾತು 'ತಡೆಯಾಜ್ಞೆ'. ವೀಳ್ಯ ಬದಲಾಯಿಸಿ ದಿನ ಗೊತ್ತು ಮಾಡಿದ್ದಾರೆಂದು ತಿಳಿದೊಡನೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಅದನ್ನು ಮೀರಿ ನಡೆದ ಮದುವೆಯೂ ಮೊದಲಿನಿಂದಲೇ ಅಸಿಂಧು. ಮದುವೆಯ ಅಪಾಯದಲ್ಲಿರುವ ಹುಡುಗಿ ಕಾನೂನಿನ ಕಣ್ಣಿನಲ್ಲಿ 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು'. ಅವಳು ತಾನೇ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು, ಯಾರಾದರೂ ನಾಗರಿಕರು ಕರೆದೊಯ್ಯಬಹುದು. 1098 ಎಂಬ ದೂರವಾಣಿಗೆ ಕಾಸಿಲ್ಲ. ಅಂತಹ ಮದುವೆಯಿಂದ ಹುಟ್ಟಿದ ಕೂಸಿಗೆ ಮಾತ್ರ ಯಾವ ಕಳಂಕವೂ ಇಲ್ಲ, ಅದು ಕಾನೂನುಬದ್ಧ ಸಂತಾನವೇ ಎಂದು ಕಾಯಿದೆ ಹೇಳಿದೆ. ಇದನ್ನು ಎಷ್ಟೋ ಮಂದಿ ಅರಿಯರು.

'ಪೋಷಕರು' ಎಂದು ನಾವು ಶಾಲೆಯ ನೋಟೀಸಿನಲ್ಲಿ ತಂದೆತಾಯಿ, ಅಜ್ಜಿ, ಸೋದರಮಾವ ಎಲ್ಲರಿಗೂ ಬರೆಯುತ್ತೇವೆ. ಬಾಲ ನ್ಯಾಯ ಕಾಯಿದೆಯಲ್ಲಿ 'ಪಾಲಕ' ಎಂದರೆ ಸಹಜ ಪಾಲಕರು ಮಾತ್ರವಲ್ಲ. ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವವರೆಂದು ಸಮಿತಿ ಅಥವಾ ಮಂಡಳಿ ಒಪ್ಪಿದವರೂ ಪಾಲಕರೇ. ತಂದೆತಾಯಿ ಕೂಲಿಗೆ ದೂರ ಹೋಗಿ ಮಕ್ಕಳು ಅಜ್ಜಿಯ ಬಳಿ ಬೆಳೆಯುವ ಮನೆಗಳಿಗೆ ಇದು ಬೇಕಾದ ಮಾತು.

ಕೊನೆಯದು 'ದುಭಾಷಿ'. 2012ರ ಕಾಯಿದೆಯ 19ನೆಯ ಕಲಮಿನಂತೆ, ಮಗು ಕೊಟ್ಟ ದೂರನ್ನು ಅದಕ್ಕೆ ಅರ್ಥವಾಗುವ ಸರಳ ಮಾತಿನಲ್ಲಿ ಬರೆದುಕೊಳ್ಳಬೇಕು. ಬರೆಯುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಬೇಕು. ಬಾಲ ನ್ಯಾಯ ಮಂಡಳಿಯಲ್ಲೂ ಇದೇ ನಿಯಮ. ನಮ್ಮ ಮಕ್ಕಳು ಸಂತೆಯಲ್ಲಿ, ಬಸ್ಸಿನಲ್ಲಿ ತಮಿಳು ಆಡಿಯಾರು. ಭಯವಾದಾಗ ಬಾಯಿಗೆ ಬರುವುದು ಮನೆಯ ಮಾತೇ. ಆಗ ಅರ್ಥವಾಗದ ಕಾಗದಕ್ಕೆ ರುಜು ಹಾಕದೆ, 'ಎನಕ್ಕು ತಮಿಳ್ ಪುರಿಯವಿಲ್ಲೈ, ಕನ್ನಡಂ ತೆರಿಂದವರೈ ಕೂಪ್ಪಿಡುಂಗಳ್' ಎಂದು ಕೇಳಬೇಕು. ನನಗೆ ತಮಿಳು ಅರ್ಥವಾಗುತ್ತಿಲ್ಲ, ಕನ್ನಡ ಬಲ್ಲವರನ್ನು ಕರೆಯಿರಿ ಎಂದು ಅದರ ಅರ್ಥ.