ಎಂ.ಟೆಕ್ ಪ್ರವೇಶ: ಬಾಗಿಲು ಅಗಲವಾದ ಮೇಲೆ ಕಲಿತ ಪಾಠಗಳು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವುದರ ಜೊತೆಗೆ ಸ್ನಾತಕೋತ್ತರ ಪ್ರವೇಶದ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ಹುಡುಗರು ಬಂದು ಕೇಳುತ್ತಿದ್ದುದು ‘ಸರ್, ಸೀಟು ಸಿಗುತ್ತಾ?’ ಎಂದು. ಈಗ ‘ಸರ್, ನಾನು ಎಲಿಜಿಬಲ್ಲಾ?’ ಎನ್ನುವವರೇ ಹೆಚ್ಚು. 2021ರಿಂದ ಈಚೆಗೆ ನಿಯಮಗಳು ಮತ್ತೆ ಮತ್ತೆ ಬದಲಾಗಿವೆ. ಬಹುಪಾಲು ಬದಲಾವಣೆಗಳು ಪ್ರವೇಶವನ್ನು ಸಡಿಲಗೊಳಿಸಿದವೇ. ಆದರೆ ನಿಯಮ ಸಡಿಲವಾದಷ್ಟೂ ಯೋಚಿಸಿ ಆರಿಸುವ ಹೊಣೆ ವಿದ್ಯಾರ್ಥಿಯ ಹೆಗಲೇರುತ್ತದೆ. ಆ ಹೊಣೆ ಹೊರಲು ನೆರವಾಗುವ ಕೆಲವು ಪಾಠಗಳು ಇಲ್ಲಿವೆ.

1. ಸುದ್ದಿಯ ತಲೆಬರಹ ನಂಬಿ ಕೂರಬೇಡಿ

ಯುಜಿಸಿ 2024ರ ಜೂನ್‌ನಲ್ಲಿ ಸ್ನಾತಕೋತ್ತರ ಕೋರ್ಸ್‌ಗಳಿಗೆ ಹೊಸ ಕ್ರೆಡಿಟ್ ಚೌಕಟ್ಟನ್ನು ಪ್ರಕಟಿಸಿತು. ವಿಜ್ಞಾನ, ತಂತ್ರಜ್ಞಾನ, ಗಣಿತದಂಥ ವಿಷಯಗಳಲ್ಲಿ 160 ಕ್ರೆಡಿಟ್‌ಗಳ ನಾಲ್ಕು ವರ್ಷದ ಪದವಿ ಮುಗಿಸಿದವರೂ ಸಂಬಂಧಪಟ್ಟ ವಿಷಯದ ಎಂ.ಇ., ಎಂ.ಟೆಕ್‌ಗೆ ಅರ್ಹರು ಎಂಬುದು ಅದರಲ್ಲಿದ್ದ ದೊಡ್ಡ ಸುದ್ದಿ. ಆದರೆ ಯುಜಿಸಿ ಕೊಡುವುದು ಚೌಕಟ್ಟನ್ನು ಮಾತ್ರ. ಅದರ ಕೆಳಗೆ ಎಐಸಿಟಿಇ ಇದೆ, ವಿಶ್ವವಿದ್ಯಾಲಯದ ನಿಯಮವಿದೆ, ಪ್ರವೇಶ ನಡೆಸುವ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಿದೆ. ಐಐಟಿಗಳಲ್ಲಿ ಆಯಾ ವಿಭಾಗದ ಷರತ್ತೂ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಹೆಚ್ಚು ಬಿಗಿಯೋ, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಡೆಯುವುದು ಅದೇ.

2. ನಾಲ್ಕನೇ ವರ್ಷದ ಲೆಕ್ಕವನ್ನು ಈಗಲೇ ಹಾಕಿ

ನಮ್ಮ ರಾಜ್ಯದ ಬಿ.ಎಸ್‌ಸಿ. ವಿದ್ಯಾರ್ಥಿಗಳು ಇದನ್ನು ಎರಡು ಸಲ ಓದಬೇಕು. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ತಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ದೆಹಲಿಯಲ್ಲಿ ನಾಲ್ಕು ವರ್ಷದ ಪದವೀಧರರಿಗೆ ಎಂ.ಟೆಕ್ ದಾರಿ ತೆರೆದ ಹೊತ್ತಿಗೇ ಇಲ್ಲಿ ನಾಲ್ಕನೇ ವರ್ಷ ಮಾಯವಾಯಿತು. ಮೂರು ವರ್ಷದ ಬಿ.ಎಸ್‌ಸಿ. ಓದಿದವರಿಗೆ ಉಳಿದಿರುವುದು ಹಳೆಯ ದಾರಿ: ಎಂ.ಎಸ್‌ಸಿ. ಅಥವಾ ಎಂಸಿಎ ಮುಗಿಸಿ, ಅವರನ್ನು ತೆಗೆದುಕೊಳ್ಳುವ ಎಂ.ಟೆಕ್ ಹುಡುಕಿ ಸೇರುವುದು. ದಾರಿ ಉದ್ದವಾಯಿತು ನಿಜ, ಆದರೆ ಮುಚ್ಚಿಲ್ಲ.

3. ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಎಲ್ಲರೂ ಬರೆಯಬೇಕಿಲ್ಲ

ಎಂ.ಟೆಕ್ ಪ್ರವೇಶಕ್ಕೆ ದೇಶಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆಯನ್ನು 2021ರಿಂದ ಮೂರನೇ ವರ್ಷದವರಿಗೂ ಬರೆಯುವ ಅವಕಾಶವಿದೆ. ಫಲಿತಾಂಶ ಬಂದ ದಿನದಿಂದ ಸ್ಕೋರ್‌ಗೆ ಮೂರು ವರ್ಷದ ಬೆಲೆ. 2025ರ ಫೆಬ್ರುವರಿಯಲ್ಲಿ, ಆರನೇ ಸೆಮಿಸ್ಟರ್‌ನಲ್ಲಿದ್ದಾಗ ಬರೆದವರು 2026ರಲ್ಲಿ ಬಿ.ಇ. ಮುಗಿಸುತ್ತಾರೆ. ಆ ವರ್ಷದ ಪ್ರವೇಶಕ್ಕೂ 2027ರ ಪ್ರವೇಶಕ್ಕೂ ಅದೇ ಸ್ಕೋರ್ ನಡೆಯುತ್ತದೆ. ಆದರೆ ಐದು ಸೆಮಿಸ್ಟರ್ ಮುಗಿದಾಗ ಗೇಟ್ ಸಿಲಬಸ್‌ನ ಕೆಲವು ಭಾಗಗಳು ಕಾಲೇಜಿನಲ್ಲಿ ಇನ್ನೂ ಶುರುವೇ ಆಗಿರುವುದಿಲ್ಲ. ಅವನ್ನು ಸ್ವಂತ ಓದಿಕೊಳ್ಳುವ ಛಾತಿಯಿದ್ದರೆ ಬರೆಯಿರಿ. ಇಲ್ಲದಿದ್ದರೆ ಸೆಮಿಸ್ಟರ್ ಅಂಕ ಕಳೆದುಕೊಂಡು, ಗೇಟ್‌ನಲ್ಲೂ ಹಿಂದೆ ಬೀಳುವ ಅಪಾಯವಿದೆ.

4. ಪತ್ರಿಕೆ ಆರಿಸುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ

ಗೇಟ್‌ಗೆ 2021ರಲ್ಲಿ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್, ಮಾನವಿಕ ವಿಷಯಗಳ ಪತ್ರಿಕೆಗಳು ಸೇರಿದವು. 2022ರಲ್ಲಿ ಜಿಯೋಮ್ಯಾಟಿಕ್ಸ್ ಮತ್ತು ನೌಕಾ ವಿನ್ಯಾಸ ಬಂದವು. ಬೆಂಗಳೂರಿನ ಐಐಎಸ್‌ಸಿ ನಡೆಸಿದ 2024ರ ಗೇಟ್‌ನಲ್ಲಿ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆ ಸೇರಿ ಒಟ್ಟು 30 ಆದವು. ನಿಗದಿಯಾದ ಜೋಡಿಗಳಲ್ಲಿ ಎರಡು ಪತ್ರಿಕೆ ಬರೆಯಲೂ ಅವಕಾಶವಿದೆ. ಆಯ್ಕೆ ಹೆಚ್ಚಾದಾಗ ಗೆಳೆಯರ ಬೆನ್ನುಹತ್ತಿ ಪತ್ರಿಕೆ ಆರಿಸುವವರೂ ಹೆಚ್ಚಾಗುತ್ತಾರೆ. ಮೊದಲು ಯಾವ ಸಂಸ್ಥೆಯ ಯಾವ ವಿಭಾಗ ಬೇಕೆಂದು ತೀರ್ಮಾನಿಸಿ. ಆ ವಿಭಾಗ ಯಾವ ಪತ್ರಿಕೆಯ ಸ್ಕೋರ್ ಒಪ್ಪುತ್ತದೆ, ಯಾವ ಪದವಿ ಕೇಳುತ್ತದೆ ನೋಡಿ. ಆಮೇಲೆ ಅರ್ಜಿ ತುಂಬಿ.

5. ‘ಕ್ವಾಲಿಫೈ ಆದೆ’ ಎಂದರೆ ಸೀಟು ಸಿಕ್ಕಿದಂತಲ್ಲ, ಆದರೆ ದುಡ್ಡಿನ ಬೆಲೆ ಇದೆ

ಗೇಟ್ ಅರ್ಹತೆಯಿಂದ ದೊಡ್ಡ ಸಂಸ್ಥೆಯ ಸೀಟು ತಾನಾಗಿ ಬರುವುದಿಲ್ಲ. ಆದರೂ ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್ ಸೇರಿ, ಪ್ರವೇಶದ ಹೊತ್ತಿಗೆ ಸ್ಕೋರ್ ಚಾಲ್ತಿಯಲ್ಲಿದ್ದರೆ, ಉಳಿದ ಷರತ್ತುಗಳಿಗೆ ಒಳಪಟ್ಟು ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯ ರ‍್ಯಾಂಕ್ ಒಂದರಿಂದಲೇ ಸೇರಿದವರಿಗೆ ಈ ಹಣವಿಲ್ಲ. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರ ನಡುವೆ ಎರಡು ವರ್ಷಕ್ಕೆ ಸುಮಾರು ಮೂರು ಲಕ್ಷ ರೂಪಾಯಿ ವ್ಯತ್ಯಾಸ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ.

6. ಒಂದು ಅರ್ಜಿ ಎಲ್ಲ ಕಡೆಗೂ ಸಲ್ಲುವುದಿಲ್ಲ

ಐಐಟಿಗಳಿಗೆ ಒಂದೊಂದಕ್ಕೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಅವು ಕೊಡುವ ಸೀಟನ್ನು ಒಪ್ಪುವುದೋ ಕಾಯುವುದೋ ಎಂದು ತಿಳಿಸಲು ಕೋಪ್ ಎಂಬ ವ್ಯವಸ್ಥೆಯಿದೆ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಸಾಮಾನ್ಯ ಕೌನ್ಸೆಲಿಂಗ್. ಕರ್ನಾಟಕದ ಕಾಲೇಜುಗಳ ಸರ್ಕಾರಿ ಕೋಟಾಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ಇಲ್ಲಿ ಪದವಿಯಲ್ಲಿ ಶೇ 50, ರಾಜ್ಯದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಅಂಕ ಕನಿಷ್ಠ ಅರ್ಹತೆ. ಗಡಿಯಂಚಿನಲ್ಲಿರುವವರು ಒಂದು ಕೆಲಸ ಮಾಡಿ: ಸಿಜಿಪಿಎಯನ್ನು ಶೇಕಡಾವಾರಿಗೆ ತರುವ ಸೂತ್ರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗುವುದರಿಂದ, ನಿಮ್ಮ ವಿಶ್ವವಿದ್ಯಾಲಯದಿಂದಲೇ ಪರಿವರ್ತನಾ ಪತ್ರ ಪಡೆದಿಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಕೊನೆಯ ವಾರದವರೆಗೆ ಕಾಯಬೇಡಿ.

7. ಅರ್ಹತೆ ಬೇರೆ, ತಯಾರಿ ಬೇರೆ

ಇವೆಲ್ಲಕ್ಕಿಂತ ಮುಖ್ಯ ಪಾಠ ಇದು. ಸಿವಿಲ್ ಓದಿದವರು ಡೇಟಾ ಸೈನ್ಸ್‌ಗೆ, ಭೌತಶಾಸ್ತ್ರ ಓದಿದವರು ವಿಎಲ್‌ಎಸ್‌ಐಗೆ ಬರಬಹುದಾದ ಕಾಲ ಬಂದಿದೆ. ಒಳ್ಳೆಯದೇ. ಭೌತಶಾಸ್ತ್ರದಿಂದ ಬಂದವರಿಗೆ ಅರೆವಾಹಕದ ಒಳಗೆ ಏನು ನಡೆಯುತ್ತದೆಂಬುದು ಎಷ್ಟೋ ಎಂಜಿನಿಯರಿಂಗ್ ಪದವೀಧರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ತಡವರಿಸುವುದು ಸರ್ಕ್ಯೂಟ್ ವಿನ್ಯಾಸದಲ್ಲಿ, ಹಾರ್ಡ್‌ವೇರ್ ವಿವರಿಸುವ ವೆರಿಲಾಗ್‌ನಂಥ ಭಾಷೆಗಳಲ್ಲಿ. ಡೇಟಾ ಸೈನ್ಸ್‌ಗೆ ಬರುವವರಿಗೆ ಕೋಡಿಂಗ್ ಅಷ್ಟು ಕಾಡುವುದಿಲ್ಲ. ಕಾಡುವುದು ಸಂಭವನೀಯತೆ ಮತ್ತು ರೇಖೀಯ ಬೀಜಗಣಿತ. ಎಂ.ಟೆಕ್‌ನ ಮೊದಲ ಸೆಮಿಸ್ಟರ್ ಯಾರಿಗೂ ಕಾಯುವುದಿಲ್ಲ. ಬುನಾದಿ ಹಾಕದೆ ಮಾಳಿಗೆ ಕಟ್ಟಿದರೆ ಪ್ರಾಜೆಕ್ಟ್ ವರ್ಷದಲ್ಲಿ ಬಿರುಕು ಕಾಣುತ್ತದೆ. ಬ್ರಾಂಚ್ ಬದಲಿಸುವವರು ಫಲಿತಾಂಶಕ್ಕೂ ತರಗತಿ ಶುರುವಿಗೂ ನಡುವಿನ ತಿಂಗಳುಗಳನ್ನು ಇದಕ್ಕೆಂದೇ ಇಡಿ. ಎನ್‌ಪಿಟಿಇಎಲ್‌ನ ಉಚಿತ ಪಾಠಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

8. ಹೊರದೇಶದ ನಿಯಮವೂ ನಿಂತಲ್ಲಿ ನಿಂತಿಲ್ಲ

ಅಮೆರಿಕದ ಹಲವು ವಿಭಾಗಗಳು ಈಗ ಜಿಆರ್‌ಇ ಕೇಳುವುದಿಲ್ಲ. ಆ ಪರೀಕ್ಷೆಯೂ 2023ರ ಸೆಪ್ಟೆಂಬರ್‌ನಿಂದ ಎರಡು ಗಂಟೆಯೊಳಗೆ ಮುಗಿಯುತ್ತದೆ. ಜರ್ಮನಿ ಇದಕ್ಕೆ ಎದುರಾಗಿ 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಒಂದು ದೇಶದಲ್ಲಿ ಬಾಗಿಲು ಸಡಿಲವಾಯಿತೆಂದು ಇನ್ನೊಂದರಲ್ಲೂ ಹಾಗೇ ಇರುತ್ತದೆಂದುಕೊಳ್ಳಬೇಡಿ.

ಕಡೆಯದಾಗಿ ಒಂದು ಮನವಿ. ಸೀನಿಯರ್ ಹೇಳಿದ್ದು ಅವರ ವರ್ಷದ ನಿಯಮ, ಕೋಚಿಂಗ್ ಸೆಂಟರ್ ಹೇಳುವುದು ಅವರ ವ್ಯಾಪಾರದ ನಿಯಮ. ನೀವು ಸೇರುವ ವರ್ಷದ ಮಾಹಿತಿ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀವೇ ಕೂತು ಓದಿ. ಅನುಮಾನ ಬಂದರೆ ಸಹಾಯವಾಣಿಗೆ ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದುಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಬಾಯಿಮಾತಿಗೆ ಬೆಲೆಯಿಲ್ಲ.