ಊರಿನ ಓಲೆ ಹೊರಡಿಸುವವರಿಗೆ

1843ರಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದಾಗ ಕಾಗದಕ್ಕೂ ಮಸಿಗೂ ದ್ರವ್ಯವ್ಯಯ ಅನಿವಾರ್ಯವಾಗಿದ್ದಿತು, ಇಂದಾದರೋ ಮದ್ದೂರಿನ ಎಳನೀರು ಮಾರುಕಟ್ಟೆಯ ಧಾರಣೆಯನ್ನೋ, ಶಿಂಷಾ ನದಿಯ ನೀರಿನ ವರ್ತಮಾನವನ್ನೋ, 1938ರ ಶಿವಪುರದ ಧ್ವಜಸತ್ಯಾಗ್ರಹದ ಬಗ್ಗೆ ಹಿರಿಯರಿಂದ ಕೇಳಿದ್ದನ್ನೋ ದೂರದೇಶಗಳಲ್ಲಿ ನೆಲೆಸಿದ ಊರಿನವರಿಗೆ ಇ-ಮೇಲ್ ಓಲೆಯಾಗಿ ಕಳುಹಿಸಬಯಸುವವರಿಗೆ ಕಾಸಿನ ಖರ್ಚೂ ಇಲ್ಲ.

ಓದುಗರು ಐವತ್ತು ಅರವತ್ತು ಮಂದಿಯಾದರೆ ಜಿಮೇಲೇ ಸಾಕು. ವಿಳಾಸಗಳನ್ನು ಮಾತ್ರ ‘ಬಿಸಿಸಿ’ ಎಂಬ ಮರೆಪ್ರತಿಯ ಅಂಕಣದಲ್ಲಿಯೇ ಬರೆಯತಕ್ಕದ್ದು; ಇಲ್ಲವಾದಲ್ಲಿ ಒಬ್ಬರ ವಿಳಾಸ ಎಲ್ಲರಿಗೂ ಬಯಲಾಗುವುದು. ಅಲ್ಲದೆ ಉಚಿತ ಖಾತೆಯಿಂದ ದಿನಕ್ಕೆ 500 ಜನರನ್ನು ಮೀರಿ ಕಳುಹಿಸಲಾಗದು. ಬಳಗ ಬೆಳೆದ ಮೇಲೆ ಇ-ಮೇಲ್ ಓಲೆಗಳನ್ನು ಹಂಚುವ ಸಬ್‌ಸ್ಟ್ಯಾಕಿನಂತಹ ಸೌಕರ್ಯವನ್ನು ಆಶ್ರಯಿಸಬಹುದು. ಚಂದಾ ವಸೂಲು ಮಾಡಿದರೆ ಮಾತ್ರ ಅದು ಶೇಕಡ 10ನ್ನು ಮುರಿದುಕೊಳ್ಳುವುದರಿಂದ, ಉಚಿತ ಓಲೆಗೆ ಅದೂ ಉಚಿತವೇ.

ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದುಂಟು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದ ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸದೆ ಕಳುಹಿಸಿದರೆ, ಅತ್ತಕಡೆಯವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲವೊಂದೇ. ಯೂನಿಕೋಡಿನಲ್ಲಿಯೂ ಕನ್ನಡದ ಒಂದೊಂದು ಸಂಕೇತ ಮೂರು ಬೈಟುಗಳನ್ನು ನುಂಗುವುದರಿಂದ ಪತ್ರ ಬೇಗನೆ ದಪ್ಪವಾಗುವುದು. ಜಿಮೇಲು ಸುಮಾರು 102 ಕಿಲೋಬೈಟು ಮೀರಿದ ಪತ್ರದ ಬಾಲವನ್ನು ಮರೆಮಾಡುವುದರಿಂದ, ಪಾಂಡಿತ್ಯಪ್ರದರ್ಶನದ ಸುದೀರ್ಘ ಲೇಖನಗಳಿಗೆ ಅಲ್ಲಿ ಎಡೆಯಿಲ್ಲ. ಅದೊಂದು ಉಪಕಾರವೆಂದೇ ನನ್ನ ಎಣಿಕೆ!

ಮದುವೆಮನೆಯಲ್ಲಿ ಸಿಕ್ಕಿದವರ ವಿಳಾಸವನ್ನೆಲ್ಲ ಅವರ ಅನುಮತಿಯಿಲ್ಲದೆ ಪಟ್ಟಿಗೆ ಸೇರಿಸಬೇಡಿ. ಕೇಳಿ ಸೇರಿಸಿರಿ, ಬೇಡವೆಂದವರ ಹೆಸರನ್ನು ಅಂದೇ ತೆಗೆದುಹಾಕಿರಿ.